ಹಲಸಿನ ಮೇಜು ಬಾಗದಂತೆ ಮೂರು ದಾರಿ: ನಾನು ಮಾಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಅಗಲದ ಮೇಜಿನ ಹಲಗೆ ಬಾಗಬಾರದು ಅಂತಿದ್ದರೆ ಅಡಿಯಲ್ಲಿ ಅಡ್ಡಪಟ್ಟಿ ಕೊಡಿ, ಆ ಪಟ್ಟಿಯಲ್ಲಿ ಸ್ಕ್ರೂ ಓಡಾಡುವಷ್ಟು ಉದ್ದದ ತೂತು ಬಿಡಿ. ನನಗೆ ಇದೇ ಇಷ್ಟ. ಇದು ಗೊತ್ತಾಗುವ ಮೊದಲು ಒಂದು ಮೇಜು ಬಾಗಿತು, ಇನ್ನೊಂದು ಬಿರಿಯಿತು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಹಿತ್ತಿಲಿನ ಹಲಸಿನ ಮರ ಗಾಳಿಗೆ ಬಿದ್ದಾಗ ಮಿಲ್ಲಿನಲ್ಲಿ ಒಂದೂವರೆ ಇಂಚಿನ ಹಲಗೆ ಮಾಡಿಸಿದೆ. ನಡುನಡುವೆ ರೀಪಿನ ತುಂಡು ಇಟ್ಟು ಪೇರಿಸಿ, ನೆರಳಲ್ಲಿ ಎರಡು ವರ್ಷ ಒಣಗಿಸಿದೆ. ಹಾಗಾಗಿ ಹಸಿ ಮರ ಅನ್ನುವ ಹಾಗಿಲ್ಲ.

ಏಪ್ರಿಲಿನಲ್ಲಿ ಮೂರಡಿ ಅಗಲದ ಊಟದ ಮೇಜು ಆಯಿತು. ಮೇಲೆ ಮೂರು ಕೋಟು ವಾರ್ನಿಷ್. ಕಾಣದ ಬದಿಗೆ ಸುಮ್ನೆ ಖರ್ಚು ಯಾಕೆ ಅಂತ ಕೆಳಗೆ ಏನೂ ಹಚ್ಚಲಿಲ್ಲ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಮಳೆಗಾಲ) ಒಂದು ದಿನ ಚೆಲ್ಲಿದ ಮಜ್ಜಿಗೆ ಎರಡೂ ಅಂಚಿನಿಂದ ನಡುವಿಗೆ ಹರಿದು ಬಂತು. ಸ್ಕೇಲು ಅಡ್ಡ ಇಟ್ಟರೆ ನಡುವೆ ಕಿರುಬೆರಳು ತೂರುತ್ತಿತ್ತು. ಬೋಳಾಗಿದ್ದ ಕೆಳಬದಿ ಮಳೆಗಾಲದ ತೇವ ಬೇಗ ಕುಡಿದು ಹಿಗ್ಗಿತ್ತು. ವಾರ್ನಿಷ್ ಇದ್ದ ಮೇಲ್ಬದಿ ಅಷ್ಟು ಹಿಗ್ಗಲಿಲ್ಲ. ಅಂಚು ಮೇಲೆದ್ದದ್ದು ಹಾಗೆ.

ಅಲ್ಲಿಂದ ಒಂದೊಂದೇ ದಾರಿ ನೋಡಿದೆ.

ಎರಡೂ ಬದಿಗೆ ಸಮನಾಗಿ ಪಿಯು (ಪಾಲಿಯುರೆಥೇನ್ ಪಾಲಿಶು) ಹಚ್ಚುವುದು ಒಂದು. ಒಂದೂವರೆ ಅಡಿಯ ಟೀಪಾಯಿಗೆ ಹಚ್ಚಿದ್ದೇನೆ, ಚೆನ್ನಾಗಿದೆ. ಆದರೆ ಯಾವ ಪಾಲಿಶೂ ತೇವವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ. ವಾರ್ನಿಷ್‌ಗಿಂತ ದುಡ್ಡೂ ಜಾಸ್ತಿ.

ಫೆವಿಕಾಲ್ ಹಾಕಿ ಅಡ್ಡಪಟ್ಟಿಯನ್ನು ಬಿಗಿಯಾಗಿ ಕೂರಿಸುವುದು ಇನ್ನೊಂದು. ಮಗಳ ಓದುವ ಮೇಜಿಗೆ ಆಗಸ್ಟಿನಲ್ಲಿ ಹೀಗೆ ಮಾಡಿದೆ. ಫೆಬ್ರವರಿಯ ಸೆಕೆಗೆ ಒಂದು ರಾತ್ರಿ ಠಕ್ ಅಂತ ಸದ್ದು. ಬೆಳಿಗ್ಗೆ ನೋಡಿದರೆ ಉದ್ದಕ್ಕೂ ಬಿರುಕು. ಮರ ಉದ್ದಕ್ಕೆ ಹೆಚ್ಚುಕಮ್ಮಿ ಆಗುವುದಿಲ್ಲ, ಅಗಲಕ್ಕೆ ಆಗುತ್ತದೆ. ಪಟ್ಟಿ ಅಡ್ಡಲಾಗಿ ಕೂತಿದೆ, ಅದು ಕುಗ್ಗುವುದಿಲ್ಲ. ಹಲಗೆ ಕುಗ್ಗಲೇಬೇಕು. ಬಿರಿಯದೆ ಏನು ಮಾಡೀತು?

ಮೂರನೆಯದು ಉದ್ದ ತೂತಿನ ಪಟ್ಟಿ. ಊಟದ ಮೇಜಿನ ಹಲಗೆ ಬಿಚ್ಚಿಟ್ಟೆ. ಬೇಸಿಗೆಗೆ ಮುಕ್ಕಾಲು ಪಾಲು ತಾನೇ ನೇರವಾಯಿತು. ಉಳಿದದ್ದನ್ನು ಆಚಾರಿಯವರು ಕೀಸಿ ಕೊಟ್ಟರು. ಪಟ್ಟಿಯ ನಡುವಿನ ತೂತು ಮಾತ್ರ ದುಂಡಗೆ. ಉಳಿದವಕ್ಕೆ ಪಕ್ಕಪಕ್ಕ ಎರಡು ತೂತು ಕೊರೆದು, ನಡುವಿನದ್ದನ್ನು ಉಳಿಯಲ್ಲಿ ತೆಗೆದರೆ ಉದ್ದ ತೂತು ಆಗುತ್ತದೆ. ಸ್ಕ್ರೂಗೆ ವಾಷರ್ ಬೇಕೇ ಬೇಕು.

ಇಲ್ಲಿ ಒಂದು ತೊಂದರೆ ನನ್ನನ್ನು ಚೆನ್ನಾಗಿ ಗೋಳಾಡಿಸಿತು. ಆಚಾರಿಯವರು ಡ್ರಿಲ್ಲಿನಲ್ಲೇ ಸ್ಕ್ರೂ ಬಿಗಿದುಬಿಟ್ಟರು. ವಾಷರ್ ಮರದೊಳಗೆ ಇಳಿದಿತ್ತು. ಸಡಿಲ ಮಾಡಿ ಅಂದರೆ, "ಹಾಗೆ ಬಿಟ್ರೆ ಅಲ್ಲಾಡ್ಲಿಕ್ಕಿಲ್ವಾ ಮಾಷ್ಟ್ರೇ?" ಅಂದರು. ಅವರು ಹೋದ ಮೇಲೆ ನಾನೇ ಕೈ ಸ್ಕ್ರೂಡ್ರೈವರಿನಲ್ಲಿ ಒಂದೊಂದನ್ನೂ ಕಾಲು ಸುತ್ತು ಹಿಂದೆ ತಿರುಗಿಸಿದೆ. ಮೇಜು ಅಲ್ಲಾಡಲಿಲ್ಲ.

ಆದರೆ ಜೂನಿನಲ್ಲಿ ಹಲಗೆ ಮತ್ತೆ ಬಾಗತೊಡಗಿತು. ಎರಡು ವಾರ ತಲೆ ಕೆಡಿಸಿಕೊಂಡೆ. ಸ್ಕ್ರೂ ಎಲ್ಲ ತೆಗೆದರೂ ಪಟ್ಟಿ ಬಿಡಲಿಲ್ಲ! ಪಟ್ಟಿ ಕೂರಿಸಿದ ಮೇಲೆ ನಾನು ಕೆಳಬದಿಗೆ ವಾರ್ನಿಷ್ ಹಚ್ಚಿದ್ದೆ. ಅದು ಸಂದಿಯೊಳಗೆ ಇಳಿದು, ತೂತಿನಲ್ಲೂ ತುಂಬಿ, ಅಂಟಿನ ಹಾಗೆ ಹಿಡಿದಿತ್ತು. ಉಳಿ ತೂರಿಸಿ, ಕೊಡತಿಯಲ್ಲಿ ಮೆಲ್ಲಗೆ ತಟ್ಟಿ ಬಿಡಿಸಬೇಕಾಯಿತು. ಕೆರೆದು, ಉಪ್ಪುಕಾಗದ ತಿಕ್ಕಿ, ಪಟ್ಟಿಯ ಬೆನ್ನಿಗೆ ಮೇಣದಬತ್ತಿ ಉಜ್ಜಿ ಮತ್ತೆ ಕೂರಿಸಿದೆ. ದಯವಿಟ್ಟು ಮೊದಲು ಎರಡೂ ಬದಿಗೆ ವಾರ್ನಿಷ್ ಹಚ್ಚಿ, ಪೂರ್ತಿ ಒಣಗಿದ ಮೇಲೆಯೇ ಪಟ್ಟಿ ಹಾಕಿ.

ಪ್ಲೈವುಡ್ ಬಾಗುವುದು ಕಡಿಮೆ, ನಿಜ. ಮನೆಯ ಹಲಸು ಇರುವಾಗ ನನಗೆ ಮನಸ್ಸು ಬರಲಿಲ್ಲ.

ನನಗೆ ಸಿಗುವುದು ಭಾನುವಾರ ಮಾತ್ರ. ಕೈಯಲ್ಲಿರುವುದು ಒಂದು ಡ್ರಿಲ್ಲು, ಒಂದು ಉಳಿ. ಅಷ್ಟಕ್ಕೆ ಈ ದಾರಿ ಸಾಕು, ಪಟ್ಟಿಗೆ ಉಳಿದ ತುಂಡೇ ಆಯಿತು. ಮೇಜು ಒಂದೂವರೆ ಅಡಿಗಿಂತ ಕಿರಿದಾದರೆ ಪಟ್ಟಿಯ ಗೋಜು ಬೇಡ, ಎರಡೂ ಬದಿ ಹಚ್ಚಿ ಬಿಡಿ.

ಪಟ್ಟಿಯ ತುದಿ ಎಲ್ಲಿದೆ ಅಂತ ಹಲಗೆಯ ಅಡಿಯಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿಟ್ಟಿದ್ದೆ. ಮರುವರ್ಷ ಆಟಿಯಲ್ಲಿ ಬಗ್ಗಿ ನೋಡಿದರೆ ಎರಡೂ ಕಡೆ ಗೆರೆ ಸುಮಾರು 3 ಮಿಲಿಮೀಟರ್ ಹೊರಗೆ ಸರಿದಿತ್ತು. ಮೇಲೆ ಸ್ಕೇಲು ಇಟ್ಟೆ. ನಡುವೆ ಒಂದು ಕಾಗದವೂ ತೂರಲಿಲ್ಲ.