ಹಾಜರಿ ಕರೆಯುವ ಮೇಷ್ಟ್ರು: ನಾಲ್ಕು ವರ್ಷ ಕರ್ನಲ್ ಕಟ್ಟಿದವನ ಅನುಭವ

ಲಿನಕ್ಸ್ ಕರ್ನಲ್‌ನಿಂದ (ಯಂತ್ರವನ್ನು ನಡೆಸುವ ತಿರುಳಿನ ತಂತ್ರಾಂಶ) ಬೇಡದ್ದನ್ನು ತಾನೇ ಕಿತ್ತು ಹಾಕುವ ಲೋಕಲ್‌ಮಾಡ್‌ಕಾನ್ಫಿಗ್ ಅನ್ನುವ ಸ್ಕ್ರಿಪ್ಟಿನ ಕತೆ ಇದು. ಮೊದಲೇ ಹೇಳಿಬಿಡುತ್ತೇನೆ, ನನ್ನದು ಹಳೆಯ ಲ್ಯಾಪ್‌ಟಾಪ್. ಎರಡೇ ಕೋರ್. ಹೊಸದು ಕೊಳ್ಳುವ ಯೋಚನೆ ಸದ್ಯಕ್ಕಿಲ್ಲ. ಡಿಸ್ಟ್ರೋ (ಲಿನಕ್ಸನ್ನು ಸಿದ್ಧವಾಗಿ ಜೋಡಿಸಿ ಕೊಡುವ ಆವೃತ್ತಿ) ಕೊಡುವ ಕಾನ್ಫಿಗ್, ಅಂದರೆ ಕರ್ನಲ್‌ನಲ್ಲಿ ಏನೇನು ಸೇರಬೇಕು ಅನ್ನುವ ಪಟ್ಟಿ, ಹಾಗೇ ಇಟ್ಟುಕೊಂಡು ಲಿನಕ್ಸ್ ಕರ್ನಲ್ ಕಂಪೈಲ್ ಮಾಡಿದರೆ, ಅಂದರೆ ಮೂಲ ಕೋಡಿನಿಂದ ಕಟ್ಟಿದರೆ, ಇದರಲ್ಲಿ ಮೂರೂವರೆ ಗಂಟೆ ಹಿಡಿಯುತ್ತದೆ. ಫ್ಯಾನಿನ ಗಲಾಟೆ ಬೇರೆ. ಹದಿನಾರು ಕೋರ್ ಇಟ್ಟುಕೊಂಡವರಿಗೆ ನಾನು ಬರೆದಿದ್ದರಲ್ಲಿ ಅರ್ಧ ಸುಮ್ನೆ ಗೊಣಗಾಟ ಅನ್ನಿಸಬಹುದು. ಅಷ್ಟಕ್ಕೂ ಕರ್ನಲ್ ಯಾಕೆ ನೀವೇ ಕಟ್ಟಿಕೊಳ್ಳಬೇಕು ಅಂತ ಕೇಳಬೇಡಿ. ಅದಕ್ಕೆ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಕರ್ನಲ್‌ನ 5.15 ಆವೃತ್ತಿ ಬಂದಾಗ, ಅಂದರೆ 2021ರ ಕೊನೆಯಲ್ಲಿ ಶುರು ಮಾಡಿದ್ದು. ಮೊದಲ ವರ್ಷ ಪೂರ್ತಿ ಕೈಯಲ್ಲೇ. ಮೇಕ್ ಮೆನುಕಾನ್ಫಿಗ್ ಅಂತ ಹೊಡೆದು, ಏನು ಬೇಕು ಏನು ಬೇಡ ಅಂತ ಆರಿಸುವ ಆ ನೀಲಿ ಪರದೆಯ ಮುಂದೆ ಕೂರುತ್ತಿದ್ದೆ. ಇನ್ನೊಂದು ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ತೆರೆದಿರುತ್ತಿತ್ತು, ಯಾವ ಚಿಪ್ಪಿಗೆ ಯಾವ ಡ್ರೈವರ್ ಅಂತ ನೋಡಿಕೊಳ್ಳಲು. ಸ್ಲ್ಯಾಶ್ ಒತ್ತಿ ಹೆಸರು ಹುಡುಕುವುದು, ಪಕ್ಕದಲ್ಲಿ ಕಾಣುವ ಅಂಕಿ ಒತ್ತಿದರೆ ಸೀದಾ ಆ ಜಾಗಕ್ಕೇ ಹೋಗುವುದು, ಅಲ್ಲಿ ಸಹಾಯದ ನಾಲ್ಕು ಸಾಲು ಓದುವುದು. ಈ ಸಾಲುಗಳು ಎಷ್ಟೋ ಕಡೆ ಒಂದೇ ಥರ ಮುಗಿಯುತ್ತವೆ: ಗೊತ್ತಿಲ್ಲದಿದ್ದರೆ ಎನ್ (ಬೇಡ) ಅನ್ನಿ. ನಾನು ಅನ್ನುತ್ತಾ ಹೋದೆ. ಎನ್ ಅಂದಷ್ಟೂ ಕರ್ನಲ್ ಸಣ್ಣದಾಗುತ್ತಿತ್ತು, ನನ್ನ ಧೈರ್ಯ ಜಾಸ್ತಿಯಾಗುತ್ತಿತ್ತು.

ಒಂದು ದಿನ ನನ್ನ ಡಿಸ್ಕಿನ ಫೈಲುಗಳನ್ನು ಓದಿಸುವ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ಮನ್ನು ವೈ ಬದಲು ಎಂ ಮಾಡಿಬಿಟ್ಟೆ. ಅಂದರೆ ಅದು ಕರ್ನಲ್ ಒಳಗೆ ಸೇರದೆ ಬೇಕಾದಾಗ ಸೇರಿಸಿಕೊಳ್ಳುವ ಬೇರೆ ತುಣುಕು, ಅಂದರೆ ಮಾಡ್ಯೂಲ್ ಆಗಿ ಡಿಸ್ಕ್ ಮೇಲೆ ಕೂತಿತು. ಬೂಟ್ ಆಗುವಾಗ ಇಂಥ ಮಾಡ್ಯೂಲ್‌ಗಳನ್ನು ಒದಗಿಸುವ ಇನಿಟ್‌ರಾಮ್‌ಎಫ್‌ಎಸ್ ಬೇಡ ಅಂತ ಮೊದಲೇ ಕಿತ್ತು ಹಾಕಿದ್ದೆ. ಬೀಗದಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಜಡಿದ ಹಾಗಾಯಿತು. ಇಎಕ್ಸ್‌ಟಿ4 ಓದುವ ಮಾಡ್ಯೂಲ್ ಇರುವುದೇ ಇಎಕ್ಸ್‌ಟಿ4 ವಿಭಾಗದಲ್ಲಿ! ಬೂಟ್ ಮಾಡಿದರೆ ಕರ್ನಲ್ ಪ್ಯಾನಿಕ್ (ಮುಂದೆ ಹೋಗಲಾಗದೆ ನಿಂತುಬಿಡುವುದು), ರೂಟ್, ಅಂದರೆ ಮುಖ್ಯ ವಿಭಾಗ, ಮೌಂಟ್ ಮಾಡಲು (ತೆರೆದು ಬಳಸಲು) ಆಗುತ್ತಿಲ್ಲ ಅಂತ. ಅಲ್ಲಿ ಬ್ರಾಕೆಟ್ಟಿನಲ್ಲಿ ಎರಡು ಅಂಕಿ ಬರುತ್ತವಲ್ಲ, ಅದನ್ನು ನೋಡುವುದು ಆವತ್ತು ಕಲಿತೆ. 0,0 ಅಂತಿದ್ದರೆ ಸಾಮಾನ್ಯವಾಗಿ ಡಿಸ್ಕೇ ಕಾಣುತ್ತಿಲ್ಲ. ನನಗೆ ಬಂದಿದ್ದು 8,2. ಡಿಸ್ಕ್ ಕಂಡಿದೆ, ಒಳಗಿರುವುದನ್ನು ಓದಲು ಬರುತ್ತಿಲ್ಲ.

ಇದಾದ ಮೇಲೆ ಕೈಕೆಲಸದ ಹುಚ್ಚು ಇಳಿಯಿತು. ಲೋಕಲ್‌ಮಾಡ್‌ಕಾನ್ಫಿಗ್‌ಗೆ ಬಂದೆ. ಸ್ಟೀವನ್ ರಾಸ್ಟೆಟ್ ಬರೆದಿದ್ದು, 2009ರಲ್ಲಿ ಬಂದ 2.6.32ರಿಂದ ಕರ್ನಲ್ ಜೊತೆಯಲ್ಲೇ ಇದೆ. ಇದು ಮಾಡುವುದು ಇಷ್ಟೇ: ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳ ಪಟ್ಟಿ ನೋಡುತ್ತದೆ, ಅದರಲ್ಲಿ ಇಲ್ಲದ ಎಂ ಎಲ್ಲವನ್ನೂ ಎನ್ ಮಾಡುತ್ತದೆ. ವೈ ಇದ್ದದ್ದನ್ನು ಮುಟ್ಟುವುದಿಲ್ಲ. ಹಾಗಾಗಿ ಎಲ್ಲವನ್ನೂ ಮಾಡ್ಯೂಲ್ ಮಾಡಿಟ್ಟ ಡಿಸ್ಟ್ರೋ ಕಾನ್ಫಿಗ್ ಮೇಲೆ ಓಡಿಸಿದರೆ ಭರ್ತಿ ಲಾಭ. ನನ್ನ ಮೂರೂವರೆ ಗಂಟೆ ಒಂದೇ ಸಲಕ್ಕೆ ಮೂವತ್ತೈದು ನಿಮಿಷಕ್ಕೆ ಇಳಿಯಿತು. ವರ್ಷವಿಡೀ ರಾತ್ರಿ ಕೂತು ನಾನು ಮಾಡಿದ್ದನ್ನು ಒಂದು ಪರ್ಲ್ ಸ್ಕ್ರಿಪ್ಟ್ ಕೆಲವು ಸೆಕೆಂಡಿನಲ್ಲಿ ಮಾಡಿ ಮುಗಿಸಿತ್ತು. ಖುಷಿಯೂ ಆಯಿತು, ಸ್ವಲ್ಪ ಅವಮಾನವೂ ಆಯಿತು.

ಆರು ವಾರ ಚೆನ್ನಾಗೇ ಇತ್ತು.

ಆಮೇಲೆ ಒಂದು ಮುಖ್ಯವಾದ ಕರೆಯ ಮಧ್ಯೆ ವೈಫೈ ಹೋಯಿತು. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಚುಚ್ಚಿ ಟೆದರಿಂಗ್ ಹಾಕಿದೆ. ಏನೂ ಇಲ್ಲ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ನೋಡಿದರೆ ಫೋನ್ ಬಂದಿದೆ ಅಂತ ಇದೆ, ನೆಟ್‌ವರ್ಕ್ ಮಾತ್ರ ಏಳುತ್ತಿಲ್ಲ. ಸ್ಕ್ರಿಪ್ಟ್ ಓಡಿಸಿದ ದಿನ ಫೋನ್ ಚುಚ್ಚಿರಲಿಲ್ಲ, ಅದಕ್ಕೇ ಅದರ ಡ್ರೈವರ್ ಕಂಪೈಲೇ ಆಗಿರಲಿಲ್ಲ. ಪುಣ್ಯಕ್ಕೆ ಡಿಸ್ಟ್ರೋ ಕರ್ನಲ್ ಬೂಟ್ ಮೆನುವಿನಲ್ಲಿ ಉಳಿಸಿಕೊಂಡಿದ್ದೆ. ರೀಬೂಟ್ ಮಾಡಿ ಬರುವಷ್ಟರಲ್ಲಿ ಕರೆ ಮುಗಿದಿತ್ತು. ಅದೇ ವಾರ ಪೆನ್‌ಡ್ರೈವ್ ಹಾಕಿದೆ, ಅದೂ ಮೌಂಟ್ ಆಗಲಿಲ್ಲ. ಸಿಪಿ437 ಕೋಡ್‌ಪೇಜ್ ಸಿಗಲಿಲ್ಲ ಅಂತ ಒಂದು ಸಾಲು. ಪೆನ್‌ಡ್ರೈವ್‌ಗೆ ಎಫ್‌ಎಟಿ ಫೈಲ್‌ಸಿಸ್ಟಮ್ ಬೇಕು ಅಂತ ನೆನಪಾಗಿ ಅದನ್ನು ನಾನೇ ಸೇರಿಸಿದ್ದೆ. ಅದರ ಹಿಂದೆ ಅಕ್ಷರಗಳಿಗೆ ಇನ್ನೊಂದು ಮಾಡ್ಯೂಲ್ ಬೇಕು ಅಂತ ಯಾರಿಗೆ ಹೊಳೆಯುತ್ತದೆ?

ಲೋಕಲ್‌ಮಾಡ್‌ಕಾನ್ಫಿಗ್ ಹಾಜರಿ ಕರೆಯುವ ಕಟ್ಟುನಿಟ್ಟಿನ ಮೇಷ್ಟ್ರ ಥರ. ಕರೆದಾಗ ಇದ್ದವರಷ್ಟೇ ಮಕ್ಕಳು. ಜ್ವರ ಬಂದು ಮನೆಯಲ್ಲಿ ಮಲಗಿದವನ ಹೆಸರು ಪುಸ್ತಕದಿಂದಲೇ ಔಟ್. ಇದೊಂದು ದೋಷಕ್ಕೇ ಎರಡು ಸಲ ಇದನ್ನು ಬಿಟ್ಟುಬಿಡೋಣ ಅಂದುಕೊಂಡೆ.

ಬಿಡಲಿಲ್ಲ, ಬದಲಿಗೆ ಒಂದು ಪದ್ಧತಿ ಬೆಳೆಯಿತು. ಸ್ಕ್ರಿಪ್ಟ್ ಓಡಿಸುವ ಮುಂಚೆ ಡಿಸ್ಟ್ರೋ ಕರ್ನಲ್‌ಗೆ ಬೂಟ್ ಆಗುತ್ತೇನೆ. ಡ್ರಾಯರ್ ಖಾಲಿ ಮಾಡಿ ಎಲ್ಲವನ್ನೂ ಮೇಜಿನ ಮೇಲೆ ಹರಡುತ್ತೇನೆ. ಪೆನ್‌ಡ್ರೈವ್, ಮೌಸಿನ ಡಾಂಗಲ್, ಹೆಡ್‌ಸೆಟ್, ಫೋನ್, ಕಾರ್ಡ್ ರೀಡರ್. ಒಂದೊಂದನ್ನೇ ಚುಚ್ಚಿ, ಬರೀ ಚುಚ್ಚಿ ಬಿಡದೆ ಬಳಸಿಯೂ ನೋಡುತ್ತೇನೆ. ವಿಪಿಎನ್ ಒಮ್ಮೆ ಹಾಕಿ ತೆಗೆಯುತ್ತೇನೆ, ವರ್ಚುವಲ್ ಮೆಷೀನ್ ಒಮ್ಮೆ ಎಬ್ಬಿಸುತ್ತೇನೆ. ಅರ್ಧ ಗಂಟೆಯ ಕೆಲಸ, ಆದರೆ ಬೇಜಾರಿಲ್ಲ. ನನ್ನ ಹತ್ತಿರ ಏನೇನಿದೆ ಅಂತ ವರ್ಷಕ್ಕೊಮ್ಮೆ ಲೆಕ್ಕ ಸಿಗುತ್ತದೆ.

ಈಚೆಗೆ ಮಾಡ್‌ಪ್ರೋಬ್ಡ್-ಡಿಬಿ ಅನ್ನುವ ಪುಟ್ಟ ಸಾಧನವೂ ಸೇರಿದೆ. ಲೋಡ್ ಆದ ಮಾಡ್ಯೂಲ್‌ಗಳ ಹೆಸರನ್ನು ಆಗಾಗ ಒಂದು ಫೈಲಿಗೆ ಸೇರಿಸುತ್ತಾ ಹೋಗುತ್ತದೆ, ಯಾವುದನ್ನೂ ತೆಗೆಯುವುದಿಲ್ಲ. ಲೋಕಲ್‌ಮಾಡ್‌ಕಾನ್ಫಿಗ್‌ಗೆ ಆ ಫೈಲನ್ನೇ ಪಟ್ಟಿ ಅಂತ ಕೊಡಬಹುದು. ಒಂದು ದಿನದ ಹಾಜರಿ ಅಲ್ಲ, ವರ್ಷದ ರಿಜಿಸ್ಟರು. 2024ರ ನವೆಂಬರ್‌ನಲ್ಲಿ ಬಂದ 6.12ಕ್ಕೆ ಹೋಗುವಾಗ ಇದನ್ನೇ ನಂಬಿದೆ, ಏನೂ ತಪ್ಪಿಹೋಗಲಿಲ್ಲ. ಹೊಸ ಆವೃತ್ತಿಯ ಹೊಸ ಪ್ರಶ್ನೆಗಳು ಒಂದೊಂದಾಗಿ ಬಂದವು. ಕಣ್ಣು ಮುಚ್ಚಿ ಎಂಟರ್ ಒತ್ತುವವರಿದ್ದಾರೆ. ನಾನು ಪ್ರಶ್ನಾರ್ಥಕ ಚಿಹ್ನೆ ಹೊಡೆದು ಸಹಾಯದ ಸಾಲು ಓದುತ್ತೇನೆ. ಮೆನುಕಾನ್ಫಿಗ್ ರಾತ್ರಿಗಳ ರುಚಿ ಈಗ ನನಗೆ ಉಳಿದಿರುವುದು ಇಲ್ಲಿ ಮಾತ್ರ.

ಮಾತ್ರ ಅಂದೆನಲ್ಲ, ಅದೂ ಪೂರ್ತಿ ನಿಜ ಅಲ್ಲ. ಹೋದ ತಿಂಗಳು ಒಂದು ಪುಟ್ಟ ಬೋರ್ಡ್ ಕೈಗೆ ಬಂತು, ಯುಎಸ್‌ಬಿ ಸೀರಿಯಲ್‌ದು, ಸಿಎಚ್341 ಚಿಪ್ಪು. ಚುಚ್ಚಿದರೆ ಸುಮ್ಮನೆ ಕೂತಿತು. ರಿಜಿಸ್ಟರಿನಲ್ಲೂ ಅದರ ಹೆಸರಿಲ್ಲ, ಇರುವುದಾದರೂ ಹೇಗೆ? ಕಂಪೈಲ್ ಆಗದ ಮಾಡ್ಯೂಲ್ ಲೋಡ್ ಆಗುವುದಿಲ್ಲ, ಲೋಡ್ ಆಗದ್ದು ರಿಜಿಸ್ಟರ್ ಸೇರುವುದಿಲ್ಲ. ಮತ್ತೆ ಡಿಸ್ಟ್ರೋ ಕರ್ನಲ್, ಮತ್ತೆ ಡ್ರಾಯರ್, ಅಷ್ಟೆಲ್ಲ ಯಾರು ಮಾಡುತ್ತಾರೆ ಅಂತ ಮೆನುಕಾನ್ಫಿಗ್ ತೆರೆದೆ. ಸ್ಲ್ಯಾಶ್, ಸಿಎಚ್341. ಅದಕ್ಕೆ ಯುಎಸ್‌ಬಿ ಸೀರಿಯಲ್ ಬೇಕು, ಅದು ಎನ್ ಆಗಿದೆ ಅಂತ ಅಲ್ಲೇ ತೋರಿಸಿತು. ಮೊದಲು ಅದಕ್ಕೆ ಎಂ, ಆಮೇಲೆ ಇದಕ್ಕೆ ಎಂ. ಹಳೆಯ ಕಂಪೈಲ್ ಹಾಗೇ ಇದ್ದಿದ್ದರಿಂದ ಬದಲಾದದ್ದಷ್ಟೇ ಕಟ್ಟಿಕೊಂಡಿತು, ನಾಲ್ಕು ನಿಮಿಷವೂ ಆಗಲಿಲ್ಲ. ರೀಬೂಟ್ ಮಾಡಿ ಬೋರ್ಡ್ ಚುಚ್ಚಿದೆ. ಪಕ್ಕದ ಟರ್ಮಿನಲ್ ಕಿಟಕಿಯಲ್ಲಿ ಅದು ಪಟಪಟ ಅಂತ ಅಕ್ಷರ ಉದುರಿಸತೊಡಗಿತು.