ಕಾಲೇಜಿನಲ್ಲೇ ಪೇಪರ್ ಚಂದಾ ಕಟ್ಟುವ ಮುಂಚೆ ಇದನ್ನು ಓದಿ

ಧಾರವಾಡದಲ್ಲಿ ರೂಮ್ ಮಾಡಿಕೊಂಡು ಓದುವ ಎಲ್ಲರಿಗೂ ಹೇಳುತ್ತಿದ್ದೇನೆ. ಸಿಟ್ಟಿನಲ್ಲಿ ಬರೆದಿದ್ದು, ಹಿಂದೆ ಮುಂದೆ ಆಗಿದ್ದರೆ ಸಹಿಸಿಕೊಳ್ಳಿ. ನನ್ನ 799 ರೂಪಾಯಿ ಹೋಯಿತು, ಹೋಗಲಿ. ಆದರೆ ಕ್ಲಾಸಿನ ಹಣ ನಾನೇ ಕೈಯಾರೆ ಎತ್ತಿ ಕೊಟ್ಟಿದ್ದೇನಲ್ಲ, ಅದಕ್ಕೇ ರಾತ್ರಿ ನಿದ್ದೆ ಹತ್ತುತ್ತಿಲ್ಲ.

ಆಗಸ್ಟ್‌ನಲ್ಲಿ ಒಬ್ಬ ಇಸ್ತ್ರಿ ಅಂಗಿ, ಕೊರಳಲ್ಲಿ ಐಡಿ ಕಾರ್ಡ್ ಹಾಕಿಕೊಂಡು ನಮ್ಮ ಕ್ಲಾಸಿಗೆ ಬಂದ. ಜೊತೆಗೆ ನಮ್ಮ ಮೇಷ್ಟ್ರೇ ಬಂದಿದ್ದರು. 'ಯುನಿವರ್ಸಿಟಿ ಸ್ಟೂಡೆಂಟ್ಸ್‌ಗೆ ಮಾತ್ರ ಇರೋ ಸ್ಕೀಮ್ರೀ ಇದು' ಅಂದ. ವರ್ಷಕ್ಕೆ 799, ಇಂಗ್ಲಿಷ್ ಪೇಪರ್, ದಿನಾ ರೂಮಿನ ಬಾಗಿಲಿಗೆ. ಹೊರಗೆ ತಿಂಗಳಿಗೇ 200ರ ಹತ್ತಿರ ಆಗುತ್ತದೆ, ನಿಮಗೇ ಗೊತ್ತಲ್ಲ. ಕೆಎಎಸ್‌ಗೆ ಓದುವವರಿಗೆ ಪೇಪರ್ ಬೇಕೇ ಬೇಕು. ಮೇಷ್ಟ್ರು ಪಕ್ಕದಲ್ಲಿ ನಿಂತಿದ್ದಾರೆ ಅಂದಮೇಲೆ ಇನ್ನೇನು ಕೇಳೋದು? ನಾನು ಸಿಆರ್, ಅಂದರೆ ಕ್ಲಾಸಿನ ಪ್ರತಿನಿಧಿ. ಎಲ್ಲರಿಂದ ವಸೂಲಿ ಮಾಡಿ ಅವನ ಫೋನಿನ ಕ್ಯೂಆರ್‌ಗೆ ಹಾಕಿದೆ. ನನ್ನದೂ ಸೇರಿ 23 ಜನ, 18,377 ರೂಪಾಯಿ. ಹಣ ಹೋಗುವಾಗ ಪರದೆ ಮೇಲೆ ಬಂದಿದ್ದು ಯಾವ ಪತ್ರಿಕೆಯ ಹೆಸರೂ ಅಲ್ಲ, ಒಬ್ಬ ಮನುಷ್ಯನ ಹೆಸರು. ನೋಡಿದೆ. ನೋಡಿಯೂ ಸುಮ್ನೆ ಪಿನ್ ಒತ್ತಿದೆ!

ತಲೆಗೊಂದು ಕೂಪನ್ ಪುಸ್ತಕ ಬಂತು. 12 ಚೀಟಿ, ತಿಂಗಳಿಗೊಂದು. ಪೇಪರ್ ಹಾಕುವವರಿಗೆ ಬಿಲ್ಲಿನ ಬದಲು ಚೀಟಿ ಕೊಡಬೇಕು, ಅವರು ಅದನ್ನು ಕಂಪನಿಗೆ ಕೊಟ್ಟು ಹಣ ತಗೋಬೇಕು. ಸೆಪ್ಟೆಂಬರ್‌ನಲ್ಲಿ 11 ದಿನ ಪೇಪರ್ ಬಂತು. 12ನೇ ದಿನ ಬರಲಿಲ್ಲ. ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದು ಸಪ್ತಾಪುರದಲ್ಲಿ ಪೇಪರ್ ಕಟ್ಟು ಬಿಚ್ಚುವ ಜಾಗಕ್ಕೆ ಹೋದೆ. ನಮ್ಮ ಓಣಿಗೆ ಹಾಕುವ ಕಾಕಾ ಪೇಪರಿನೊಳಗೆ ಜಾಹೀರಾತು ಚೀಟಿ ಸೇರಿಸುತ್ತಾ ಕೂತಿದ್ದರು. ನನ್ನ ಕೂಪನ್ ನೋಡಿ ನಕ್ಕರು.

'ತಮ್ಮಾ, ಹೋದ ವರ್ಷದ್ದ ಇಂಥಾ ಚೀಟಿ ಒಂದು ಕಟ್ಟ ಅದಾವ ನನ್ನ ಹಂತ್ಯಾಕ. ಒಂದಕ್ಕೂ ರೊಕ್ಕ ಬಂದಿಲ್ಲ. ನಾ ಎಷ್ಟ ದಿನಾ ಕೈಯಿಂದ ಹಾಕ್ಲಿ?'

ಅಲ್ಲೇ ನನಗೆ ಗೊತ್ತಾಯಿತು. ಕಾಲಡಿ ನೆಲ ಹೋಯಿತು ಅಂತಾರಲ್ಲ, ಹಾಗೆ.

ಆಮೇಲೆ ಶುರುವಾದವು ಆ ಐಡಿ ಕಾರ್ಡಿನವನ ಉತ್ತರಗಳು. ಮೊದಲು 'ಸೋಮವಾರದಿಂದ ಬರ್ತದ್ರೀ ಸರ್'. ಸೋಮವಾರ ಕೇಳಿದರೆ 'ಸರ್ಕ್ಯುಲೇಷನ್‌ನವರಿಗೆ ಹೇಳೀನ್ರಿ'. ಆಮೇಲೆ ಬರೀ ಹೆಬ್ಬೆರಳು. ನಾನು ಐದು ಸಾಲು ಬೈದು ಕಳಿಸಿದರೂ ಹೆಬ್ಬೆರಳೇ! ಕಡೆಗೆ 'ಕಾಲೇಜಿಗೇ ಕಟ್ಟು ಕಳಿಸ್ತೀವಿ, ಅಲ್ಲೇ ತಗೋರಿ' ಅಂದ. ಕಾಲೇಜಿಗೆ ಬಂದಿದ್ದು ಎಂಟೇ ಪೇಪರ್, ಅದೂ ಹತ್ತು ಗಂಟೆಗೆ. ಭಾನುವಾರ ಇಲ್ಲ, ದಸರಾ ರಜೆಯಲ್ಲಿ ಇಲ್ಲ, ಪರೀಕ್ಷೆ ರಜೆಯಲ್ಲಂತೂ ಕೇಳಲೇಬೇಡಿ. ಇದೇನು ಅಂದರೆ ರಸೀದಿಯ ಹಿಂದೆ ನೋಡಿ ಅಂದ. ಇರುವೆ ಸಾಲಿನಂಥ ಅಕ್ಷರದಲ್ಲಿ 'ಕಾಲೇಜು ನಡೆಯುವ ದಿನಗಳಲ್ಲಿ ಮಾತ್ರ' ಅಂತ ಇತ್ತು.

'ದಿನಾ ಪೇಪರ್ ಓದಾವ್ರು ನೀವು. ಇಷ್ಟ ಸಣ್ಣ ಅಕ್ಷರ ಓದಾಕ ಆಗಲಿಲ್ಲೇನ್ರಿ?' ಅಂದ. ಈ ಮಾತು ಮಾತ್ರ ನನಗೆ ಇನ್ನೂ ಅರಗಿಲ್ಲ.

ಮೇಷ್ಟ್ರನ್ನು ಕೇಳಿದೆ. 'ಕ್ಲಾಸಿಗೆ ಬಂದು ಹೇಳಾಕ ಪರ್ಮಿಶನ್ ಕೊಟ್ಟಿದ್ವಿ ಅಷ್ಟ. ರೊಕ್ಕ ಕೊಡಂತ ಯಾರ್ ಹೇಳಿದ್ರು?' ಯುನಿವರ್ಸಿಟಿಗೂ ಈ ಸ್ಕೀಮಿಗೂ ಸಂಬಂಧವೇ ಇಲ್ಲವಂತೆ. ಒಂದು ದಿನ ಕ್ಲಾಸು ಬಿಟ್ಟು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯ ಪತ್ರಿಕೆ ಆಫೀಸಿಗೂ ಹೋದೆ. ಅಲ್ಲಿಯವರು ರಸೀದಿಯನ್ನು ತಿರುವಿ ಮುರುವಿ ನೋಡಿ, 'ಪುಸ್ತಕ ನಮ್ಮದ ಅದ, ಆದ್ರ ರೊಕ್ಕ ನಮಗ ಬಂದಿಲ್ಲ' ಅಂದರು. ಕುಡಿಯಲು ನೀರು ಕೊಟ್ಟರು, ಅಷ್ಟೇ.

ಹಣ ಕಂಪನಿಯ ಖಾತೆಗೇ ಹೋಗಲಿ, ಇಲ್ಲದಿದ್ದರೆ ಬೇಡ. ಕಟ್ಟುವ ಮುಂಚೆ ನಿಮ್ಮ ಓಣಿಗೆ ಪೇಪರ್ ಹಾಕುವವರನ್ನು ಒಂದು ಮಾತು ಕೇಳಿ, ಅವರಿಗೆ ಎಲ್ಲಾ ಗೊತ್ತಿರುತ್ತದೆ. ಮೇಷ್ಟ್ರು ಪಕ್ಕದಲ್ಲಿದ್ದಾರೆ ಅಂತ ನಂಬಬೇಡಿ. ನಾನು ಈಗ ಲೈಬ್ರರಿಯಲ್ಲೇ ಬಿಟ್ಟಿ ಓದುತ್ತಿದ್ದೇನೆ, ಮೊದಲೇ ಆ ಬುದ್ಧಿ ಬರಬಾರದಿತ್ತಾ! ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದವರೆಗೆ ಅಲ್ಲಿ ಫೀಸ್ ಇಲ್ಲ.

ಕ್ಲಾಸಿನಲ್ಲಿ ನನ್ನ ಹೆಸರು ಈಗ 'ಪೇಪರ್ ಸಾಹೇಬ'. ನಾಲ್ಕು ಜನರಿಗೆ ಮೆಸ್ಸಿನ ದುಡ್ಡಿನಲ್ಲಿ ವಾಪಸ್ ಕೊಟ್ಟಿದ್ದೇನೆ, ಇನ್ನೂ 18 ಜನ ಬಾಕಿ. ಮೊನ್ನೆ ರಾತ್ರಿ ಅವನ ವಾಟ್ಸಾಪ್ ಸ್ಟೇಟಸ್ ನೋಡಿದೆ. ಗದಗ ಕಡೆಯ ಯಾವುದೋ ಕ್ಲಾಸ್ ರೂಮು, ಬೋರ್ಡಿನ ಮೇಲೆ ದೊಡ್ಡದಾಗಿ 799, ಮುಂದಿನ ಬೆಂಚಿನಲ್ಲಿ ಫೋನ್ ಹಿಡಿದು ನಿಂತ ಒಬ್ಬ ಹುಡುಗ. ಸಿಆರ್ ಇರಬೇಕು. ಗದಗದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಆ ಹುಡುಗನಿಗೆ ಮುಟ್ಟಿಸಿ.