ಮ್ಯಾಲಕೈಟ್, ಅಜುರೈಟ್, ಫಿರೋಜಾ: ಮೂರು ತಾಮ್ರದ ಕಲ್ಲುಗಳೊಡನೆ ಒಂದು ವರ್ಷ

ಕಳೆದ ವರ್ಷ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ನಡೆದ ಕರಕುಶಲ ಮೇಳದಲ್ಲಿ ಸಾಣೆ ಹಿಡಿದ ಒಂದು ಹಸಿರು ಮ್ಯಾಲಕೈಟನ್ನೂ ಒಂದು ನೀಲಿ ಅಜುರೈಟನ್ನೂ ಕೊಂಡೆ. ಅಂಗಡಿಗಳಲ್ಲಿ ಫಿರೋಜಾ ಎನ್ನುವ ಟರ್ಕ್ವಾಯ್ಸಿನ ಉಂಗುರ ಅದಕ್ಕೂ ಮೊದಲೇ ನನ್ನ ಬೆರಳಿನಲ್ಲಿತ್ತು. ಮೂರಕ್ಕೂ ಬಣ್ಣ ಕೊಟ್ಟಿರುವುದು ತಾಮ್ರವೇ ಆದರೂ ಜೊತೆಗಿಟ್ಟುಕೊಂಡು ಬಾಳಿದಾಗ ಅವುಗಳ ಸ್ವಭಾವ ಬೇರೆಬೇರೆಯೆಂದು ತಿಳಿಯಿತು.

ಮ್ಯಾಲಕೈಟ್ ಮತ್ತು ಅಜುರೈಟ್ ಎರಡೂ ತಾಮ್ರದ ಕಾರ್ಬೊನೇಟುಗಳು. ತೂಕದಲ್ಲಿ ಮೊದಲನೆಯದರ ಸುಮಾರು ಶೇ. 57ರಷ್ಟು, ಎರಡನೆಯದರ ಶೇ. 55ರಷ್ಟು ತಾಮ್ರವೇ ಆಗಿರುವುದರಿಂದ, ಒಂದು ಹಸಿರಾಗಿ ಇನ್ನೊಂದು ಕಡುನೀಲಿಯಾಗಿ ಕಾಣುವುದಕ್ಕೆ ಕಾರಣ ತಾಮ್ರದ ಪ್ರಮಾಣವಲ್ಲ, ಅದರ ಸುತ್ತ ಉಳಿದ ಪರಮಾಣುಗಳು ಜೋಡಣೆಗೊಂಡಿರುವ ಬಗೆ. ಫಿರೋಜಾ ಈ ಮನೆತನದ್ದಲ್ಲ. ಅದು ತಾಮ್ರ ಮತ್ತು ಅಲ್ಯುಮಿನಿಯಂ ಸೇರಿದ ಫಾಸ್ಫೇಟ್.

ನೋಟಕ್ಕೆ ನನ್ನ ಮತ ಮ್ಯಾಲಕೈಟಿಗೇ. ಪದರದ ಮೇಲೆ ಪದರ ಕಟ್ಟುತ್ತ ಬೆಳೆದ ಕಲ್ಲನ್ನು ಅಡ್ಡಕ್ಕೆ ಕೊಯ್ದು ಉಜ್ಜಿದಾಗ ತಿಳಿಹಸಿರು, ಕಡುಹಸಿರಿನ ಬಳೆಗಳು ಒಂದರೊಳಗೊಂದು ಮೂಡುತ್ತವೆ, ಮತ್ತು ಯಾವ ಎರಡು ಗೆರೆಗಳ ದಪ್ಪವೂ ಒಂದೇ ಆಗಿರುವುದಿಲ್ಲ. ಸೇಂಟ್ ಪೀಟರ್ಸ್‌ಬರ್ಗಿನ ಚಳಿಗಾಲದ ಅರಮನೆಯ ಮ್ಯಾಲಕೈಟ್ ಕೋಣೆಯ ಕಂಬಗಳೂ ಇಡಿಯ ಕಲ್ಲಿನವಲ್ಲ. ತೆಳು ಹಾಳೆಗಳನ್ನು ಗೆರೆಗೆ ಗೆರೆ ಕೂಡಿಸಿ ಅಂಟಿಸಿದಂಥವು. ಅಜುರೈಟಿನ ನೀಲಿ ಆಳವಾದದ್ದು ನಿಜ, ಆದರೆ ಸಾಣೆ ಹಿಡಿದ ತುಂಡು ದೀಪದ ಬೆಳಕಿನಲ್ಲಿ ಬಹುತೇಕ ಕಪ್ಪಾಗಿ ಕಾಣುತ್ತದೆ. ಅದನ್ನು ಹರಳಿನ ರೂಪದಲ್ಲೇ ಬಿಡುವುದು ಲೇಸೆಂದು ನನಗನ್ನಿಸಿತು.

ಮೇಳಕ್ಕೂ ಮೊದಲು ಪೇಟೆಯ ಒಂದು ಅಂಗಡಿಯಲ್ಲಿ ಮ್ಯಾಲಕೈಟಿನದೆಂದೇ ಹೇಳಿ ಕೊಟ್ಟ ಪುಟ್ಟ ಗಣಪತಿಯೂ ನನ್ನಲ್ಲಿತ್ತು. ಅದರ ಗೆರೆಗಳು ಅಳತೆಪಟ್ಟಿ ಇಟ್ಟು ಎಳೆದಷ್ಟು ಸಮವಾಗಿದ್ದುದರಿಂದ ಅನುಮಾನ ಬಂದು, ಅಡುಗೆಮನೆಯ ತಕ್ಕಡಿಯ ಮೇಲೆ ನೀರಿನ ಬಟ್ಟಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಎರಡನ್ನೂ ಒಂದೊಂದಾಗಿ ದಾರದಲ್ಲಿ ತಳ ಮುಟ್ಟದಂತೆ ಮುಳುಗಿಸಿದೆ. 78 ಗ್ರಾಂ ತೂಗುವ ಮ್ಯಾಲಕೈಟ್ ತಕ್ಕಡಿಯಲ್ಲಿ 20 ಗ್ರಾಂ ತೋರಿಸಿತು. ಅದು ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕ, ಅಂದರೆ ಕಲ್ಲು ಅಷ್ಟೇ ಗಾತ್ರದ ನೀರಿನ 3.9 ಪಟ್ಟು ಭಾರ. ಅಸಲಿ ಕಲ್ಲಿಗೆ ಇರಬೇಕಾದದ್ದೂ ಅಷ್ಟೇ. 45 ಗ್ರಾಂನ ಗಣಪತಿ 24 ಗ್ರಾಂ ತೋರಿಸಿ 1.9ಕ್ಕೆ ನಿಂತ. ರಾಳದ ಗಣಪತಿಯಾದರೂ ಗಣಪತಿಯೇ ಎಂದು ದೇವರ ಗೂಡಿನಲ್ಲೇ ಬಿಟ್ಟಿದ್ದೇನೆ.

ಬಾಳಿಕೆಯಲ್ಲಿ ಮಾತ್ರ ಮ್ಯಾಲಕೈಟ್ ಸೋತಿತು. ಒಂದು ಶುಕ್ರವಾರ ಅತ್ತೆಯವರು ತಾಮ್ರದ ಚೊಂಬಿನೊಡನೆ ಅದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿದರು. "ಕಿಲುಬು ಹಿಡಿದಿದೆ ಅಂದ್ಕೊಂಡೆ ಕಣಪ್ಪ" ಎಂದರು. ಅವರ ಊಹೆ ತೀರಾ ತಪ್ಪೂ ಅಲ್ಲ: ಗಾಳಿ, ತೇವಗಳಲ್ಲಿ ತಾಮ್ರಕ್ಕೆ ಹಿಡಿಯುವ ಹಸಿರಿಗೂ ಈ ಕಲ್ಲಿಗೂ ರಸಾಯನದಲ್ಲಿ ಹತ್ತಿರದ ನೆಂಟಿದೆ. ಚೊಂಬು ಫಳಫಳಿಸಿತು, ಕಲ್ಲಿನ ಒಂದು ಮಗ್ಗುಲು ಸೀಮೆಸುಣ್ಣ ಸವರಿದಂತೆ ಮಂಕಾಯಿತು. ಹುಳಿ ತಾಗಿದರೆ ಅಜುರೈಟಿನ ಗತಿಯೂ ಇದೇ. ಗಡಸುತನದಲ್ಲಿಯೂ ಇವೆರಡೂ 1ರಿಂದ 10ರವರೆಗಿನ ಮೋಸ್ ಮಾಪನದಲ್ಲಿ 3.5ರಿಂದ 4ರಷ್ಟೇ ಇದ್ದು, ಚಾಕುವಿನ ಮೊನೆಗೆ ಗೀರಿಬಿಡುತ್ತವೆ.

5ರಿಂದ 6ರ ಗಡಸಿನ ಫಿರೋಜಾ ಒಂದು ವರ್ಷ ಬಿಎಂಟಿಸಿ ಬಸ್ಸಿನ ಕಂಬಿ ಹಿಡಿದ ಕೈಯಲ್ಲಿದ್ದರೂ ಗೀರು ಕಾಣದೆ ಉಳಿದಿದೆ. ಸೂಕ್ಷ್ಮ ರಂಧ್ರಗಳ ಕಲ್ಲಾದ ಕಾರಣ ಎಣ್ಣೆ, ಸಾಬೂನು ಹೀರಿ ಬಣ್ಣ ಕೆಡಬಹುದೆಂದು ತಲೆಗೆ ಎಣ್ಣೆ ಹಚ್ಚುವಾಗ ತೆಗೆದಿಡುತ್ತೇನೆ. ಉಂಗುರಕ್ಕೆ ಯಾವ ಕಲ್ಲೆಂದು ಯಾರಾದರೂ ಕೇಳಿದರೆ ಫಿರೋಜಾ ಎಂದೇ ಹೇಳುತ್ತೇನೆ. ಮ್ಯಾಲಕೈಟ್ ಈಗ ಮಂಕಾದ ಮಗ್ಗುಲನ್ನು ಗೋಡೆಗೆ ತಿರುಗಿಸಿಕೊಂಡು ನನ್ನ ಮೇಜಿನ ಮೇಲಿದೆ.